ಏಳನೇ ನಂಬರಿನ ಬೆಸುಗೆ

ಮಾರ್ಚ್ 3, ಮಂಗಳವಾರ. ಸಂಜೆ 7

ಇವತ್ತೂ ಮೂವತ್ತು ಪೀಸು ನೋಡಿದೆ. ಕುತ್ತಿಗೆ ಹಿಡಿದುಕೊಂಡಿದೆ. ಬೆಂಗೇರಿ ತನಕ ಬಸ್ಸಿನಲ್ಲಿ ನಿಂತೇ ಬಂದೆ. ಅವ್ವ ರೊಟ್ಟಿ ಬಡಿದಿಟ್ಟಿದ್ದಾಳೆ. ತಿನ್ನಲೂ ಬೇಸರ.

ನಮ್ಮ ದೇಶದಲ್ಲೇ ಕಟ್ಟುತ್ತಿರುವ ಹೊಸ ಸ್ಲೀಪರ್ ಟ್ರೇನು. ಮೇಲಿನ ಬರ್ತನ್ನು ಗೋಡೆಗೆ ಹಿಡಿದಿಡುವ ಬ್ರಾಕೆಟ್ಟು ನಮ್ಮ ಶೆಡ್ಡಿನದು. ಇನ್‌ಸ್ಪೆಕ್ಷನ್ ನನ್ನದು. ಕೆಂಪು ಬಣ್ಣ ಬಳಿ, ಒರೆಸು, ಬಿಳಿ ಪುಡಿ ಸಿಂಪಡಿಸು. ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಇವತ್ತು ಒಂದರಲ್ಲಿ ಮೂಡಿತು. ಕೂದಲೆಳೆಯಷ್ಟು. ಪಕ್ಕದಲ್ಲಿ ವೆಲ್ಡರ್ ಗುರುತು — 7. ಜುಲ್ಫಿಕಾರಣ್ಣ! ಇಪ್ಪತ್ತೆರಡು ವರ್ಷ ಪಳಗಿದ ಕೈ. ಬೆಸುಗೆ ನೋಡುವುದನ್ನು ನನಗೆ ಕಲಿಸಿದವನೇ ಅವನು.

ಬದಿಗಿಟ್ಟೆ. ಯಾರಿಗೂ ಹೇಳಲಿಲ್ಲ.

ಮಾರ್ಚ್ 5, ಗುರುವಾರ

ಹತ್ತಕ್ಕೊಂದು ನೋಡಿದರೆ ಸಾಕು, ನಿಯಮ ಅಷ್ಟೇ. ಮನಸ್ಸು ತಡೆಯದೆ 7ರ ಗುರುತಿನವನ್ನು ಒಂದೊಂದಾಗಿ ತೆಗೆದು ನೋಡಿದೆ. ಈವರೆಗೆ ನೋಡಿದ್ದರಲ್ಲಿ ಹನ್ನೊಂದು ಕೆಟ್ಟಿವೆ.

ಊಟದ ಬಿಡುವಿನಲ್ಲಿ ಜುಲ್ಫಿಕಾರಣ್ಣನನ್ನು ಕೇಳಿದೆ, ಬೆಸುಗೆ ಯಾಕೆ ಹೀಗೆ ಅಂತ.

"ರೋಜಾ ಉಪವಾಸ ಐತಲ್ಲ ತಂಗಿ, ಸುಸ್ತು ಆಗ್ತೈತಿ."

ಕೈಗೆ ಅಳತೆಯ ಗೇಜು ಕೊಟ್ಟು ಅಂಕಿ ಓದು ಅಂದೆ. ಹೆಬ್ಬೆರಳಿಂದ ಸವರಿದ. ಓದಲಿಲ್ಲ.

"ಅಣ್ಣಾ, ಕಣ್ಣು ಕಾಣವಲ್ವೇನು?"

"ಪೊರಿ ಬಂದೈತಿ. ಈದ್ ಆದಮ್ಯಾಲ ಆಪರೇಶನ್ ಮಾಡಿಸ್ಕೋತೇನಿ. ಅಲ್ಲೀತನಕ ಯಾರಿಗೂ ಹೇಳಬ್ಯಾಡ."

ಹೂಂ ಅಂದೆ. ಯಾಕೆ ಅಂದೆನೋ. ಮಧ್ಯಾಹ್ನ ಅವನ ವೆಲ್ಡಿಂಗ್ ಟಾರ್ಚು ಮತ್ತೆ ಉರಿಯುತ್ತಿತ್ತು. ನೋಡುತ್ತಾ ಕೂತೆ.

ಮಾರ್ಚ್ 6

ಮಾಲೀಕರು ಸಂಕೇತ ಸರ್ ಕ್ಯಾಬಿನ್ನಿಗೆ ಕರೆದರು. ಸೋಮವಾರ ಲಾರಿ ಹೊರಡಬೇಕಂತೆ.

"ಮೇಡಂ, ಹತ್ತಕ್ಕ ಒಂದು ನೋಡೀರಿ, ಪಾಸ್ ಆಗ್ಯಾವ. ಮತ್ಯಾಕ ಎಲ್ಲಾ ಬಿಚ್ಚಿ ಹರವಿಕೊಂಡು ಕೂತೀರಿ? ಸಹಿ ಮಾಡ್ರಿ."

ಸೋಮವಾರ ಮಾಡುತ್ತೇನೆ ಅಂದೆ.

ಮಾರ್ಚ್ 8, ಭಾನುವಾರ

ಬಟ್ಟೆ ಒಗೆದೆ. ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. "ಯಾಕ ಸಪ್ಪಗದಿ?" ಅಂದಳು. ದಣಿವು ಅಂದೆ. ಖರೆ ಅದೂ ಹೌದು.

ಮಾರ್ಚ್ 9, ಸೋಮವಾರ

ಸಹಿ ಮಾಡಲಿಲ್ಲ. ಹಾಳೆಯ ಮೇಲೆ ಬರೆದೆ — 7ನೇ ನಂಬರಿನ ನೂರಾ ನಲವತ್ತೂ ಹೋಲ್ಡ್, ಕಳಿಸುವಂತಿಲ್ಲ.

ಸಂಕೇತ ಸರ್ ಕೂಗಾಡಿದರು. "ಈ ಆರ್ಡರ್ ಮ್ಯಾಲೆ ಮೂವತ್ತು ಮಂದಿ ಮನಿ ನಡೀತಾವ, ಗೊತ್ತದ ಇಲ್ಲೋ?" ನಾನು ಹೆಸರು ಹೇಳಲಿಲ್ಲ. ಹೇಳುವುದೇನಿದೆ, 7 ಯಾರೆಂದು ಶೆಡ್ಡಿಗೆಲ್ಲ ಗೊತ್ತು. ಕರೆಯುವ ಮೊದಲೇ ಜುಲ್ಫಿಕಾರಣ್ಣ ಬಾಗಿಲಲ್ಲಿ ನಿಂತಿದ್ದ. ಗ್ಲೌಸು ಬಿಚ್ಚಿ ಮೇಜಿನ ಮೇಲಿಟ್ಟ.

"ನಂದ ತಪ್ಪು ಸಾಹೇಬ್ರ. ನನಗ ಕಾಣಂಗಿಲ್ಲ."

ಹೋಗುವಾಗ ನನ್ನ ಕಡೆ ನೋಡಲಿಲ್ಲ. ನೋಡಿಯೂ ಕಾಣಲಿಲ್ಲವೋ ಏನೋ…

ಮಾರ್ಚ್ 22, ಭಾನುವಾರ

ಎರಡು ವಾರ ಬರೆಯಲಾಗಲಿಲ್ಲ. ನೂರಾ ನಲವತ್ತನ್ನೂ ಗುಜರಿಗೆ ಹಾಕಿ ಹೊಸದಾಗಿ ಮಾಡಿದರು. ಲಾರಿ ಮೊನ್ನೆ ಹೋಯಿತು. ಸಂಕೇತ ಸರ್ ನನ್ನ ಹತ್ತಿರ ಕೆಲಸದ ಮಾತಷ್ಟೇ.

ಇವತ್ತು ಹಳೇ ಹುಬ್ಬಳ್ಳಿಗೆ, ಅಣ್ಣನ ಮನೆಗೆ ಹೋದೆ. ನಿನ್ನೆ ಈದ್ ಆಯಿತಲ್ಲ. ಅವನ ಹೆಂಡತಿ ಶರೀಫಾಬಿ ಹಬ್ಬದ ಸುರಕುಂಬಾ ಪಾಯಸ ಕೊಟ್ಟರು. ಅವನು ಒಳಕೋಣೆಯಿಂದ ಬರಲಿಲ್ಲ. ಕೆಮ್ಮಿದ್ದು ಕೇಳಿಸಿತು.

"ಕಣ್ಣು ತೋರಿಸ್ರಿ ಅಂತ ನಾ ಹೇಳಾಕತ್ತಿ ವರ್ಷ ಆತು. ನನ್ನ ಮಾತು ಕೇಳ್ಲಿಲ್ಲ," ಅಂದರು. ಆಮೇಲೆ ಮೆಲ್ಲಗೆ, "ದಿನಾ ಅವರ ಕೆಲಸ ನೋಡಾವ್ರು ನೀವು. ನಿಮಗ ತಿಳೀಲಿಲ್ಲೇನ್ರಿ?"

ಬಟ್ಟಲು ಖಾಲಿ ಮಾಡಿ ಎದ್ದು ಬಂದೆ.

ಏಪ್ರಿಲ್ 2

ಎರಡೂ ಕಣ್ಣಿನ ಆಪರೇಶನ್ ಆಗುವುದಂತೆ, ಒಂದಾದ ಮೇಲೊಂದು. ಶರೀಫಾಬಿ ಫೋನ್ ಮಾಡಿದ್ದರು. ಕಣ್ಣು ಬಂದ ಮೇಲೆ ನನ್ನ ಇನ್‌ಸ್ಪೆಕ್ಷನ್ ಮೇಜಿಗಾದರೂ ಅವನನ್ನು ತೆಗೆದುಕೊಳ್ಳಿ ಎಂದು ಸಂಕೇತ ಸರ್‌ಗೆ ಹೇಳಿದೆ. "ನೋಡೂಣ್ರಿ," ಅಂದರು. ಇಲ್ಲ ಅನ್ನಲಿಲ್ಲ.

ಮೇ 11, ಸೋಮವಾರ. ಸಂಜೆ

ಜುಲ್ಫಿಕಾರಣ್ಣ ಶೆಡ್ಡಿಗೆ ಬಂದ. ಕರಿ ಕನ್ನಡಕ, ಇಸ್ತ್ರಿ ಅಂಗಿ. ಗೇಟಿನಿಂದ ನೇರ ನನ್ನ ಹತ್ತಿರ.

"ನಾ ಮಾಡಿದ್ದು ತೋರಿಸು ತಂಗಿ."

ಶೆಡ್ಡಿನ ಹಿಂದಿನ ಗುಜರಿ ರಾಶಿಗೆ ಕರೆದೊಯ್ದೆ. ಕನ್ನಡಕ ತೆಗೆದು ಕೂತ. ಒಂದೊಂದನ್ನೇ ಬಿಸಿಲಿಗೆ ಹಿಡಿದ. ಕೆಂಪು ಗೆರೆ ಇನ್ನೂ ಮಾಸಿಲ್ಲ. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಆಮೇಲೆ ತಲೆಯೆತ್ತಿ ಕೇಳಿದ:

"ಜನವರಿಯಾಗಿನವು?"

ಜನವರಿಯಲ್ಲಿ ಮೊದಲ ಟ್ರೇನಿಗೆ ನಲವತ್ತು ಕಳಿಸಿದ್ದೆವು. ಹತ್ತಕ್ಕೊಂದರಂತೆ ನಾಲ್ಕು ನೋಡಿ ಸಹಿ ಹಾಕಿದವಳು ನಾನೇ. ಎಲ್ಲ 7ರವು.

"ಆವಾಗೂ ನನಗ ಕಾಣ್ತಿರ್ಲಿಲ್ಲ," ಅಂದ.

ಆ ಟ್ರೇನು ಟ್ರಯಲ್ ಮುಗಿಸಿದೆಯಂತೆ. ಮುಂದಿನ ತಿಂಗಳು ಅದರಲ್ಲಿ ಜನ ಮಲಗುತ್ತಾರೆ. ಸಂಕೇತ ಸರ್‌ಗೆ ಹೇಳಿದರೆ ತಡೆಯುತ್ತಾರೆ. ಹೇಳದೆ ರೈಲ್ವೆಗೆ ಬರೆದರೆ ಕೆಲಸ ಹೋಗುತ್ತದೆ… ಕೆಲಸ ಮುಗಿದರೂ ಶೆಡ್ಡಿನಲ್ಲೇ ಇದ್ದೇನೆ, ಅಣ್ಣ ಇನ್ನೂ ಎದುರಿಗೇ ಕೂತಿದ್ದಾನೆ. ಬರೆ, ನನ್ನ ಹೆಸರೂ ಹಾಕು ಅನ್ನುತ್ತಾನೆ. ರೈಲ್ವೆಗೆ ಹೇಗೆ ಬರೆಯುತ್ತಾರೋ. ಮೊದಲು ಈ ಡೈರಿಯಲ್ಲೇ ಬರೆದು ನೋಡುತ್ತೇನೆ.

ಮಾನ್ಯರೇ,

ಜನವರಿಯಲ್ಲಿ ನಾನು ಸಹಿ ಮಾಡಿ ಕಳಿಸಿದ ನಲವತ್ತು ಬ್ರಾಕೆಟ್ಟುಗಳಲ್ಲಿ ನಾನು ಪರೀಕ್ಷಿಸಿದ್ದು ನಾಲ್ಕನ್ನು ಮಾತ್ರ.