ಶ್ರುತಿ ಕೆಡಿಸದ ಗಿಟಾರ್

ಕವೇಹಿ,

ಹೊನೊಲುಲುವಿನ ಬೆಳಗಿನ ವಿಮಾನಕ್ಕೆ ಹೊರಟೆ. ನಾಳೆಯೇ ಎದೆಯ ಆಪರೇಷನ್. ನಿಮ್ಮಪ್ಪ ಕಾರಲ್ಲಿ ಕೂತು ಗೊಣಗ್ತಿದ್ದಾನೆ. ನಿನ್ನನ್ನ ಎಬ್ಬಿಸೋಕೆ ಮನಸ್ಸಾಗಲಿಲ್ಲ.

ಕೆಸುವಿನ ಗೆಡ್ಡೆ ಬೇಯಿಸಿ ಅರೆದ ಪೊಯಿ ಫ್ರಿಜ್ಜಲ್ಲಿದೆ. ಹುಳಿ ಬಂದಿದೆ ಅಂತ ಚೆಲ್ಲಿಬಿಟ್ಟೀಯ, ಹುಷಾರ್. ಕೋಳಿಗಳಿಗೆ ಕಾಳು ಹಾಕು.

"ಮೊಮ್ಮಗಳಿಗೂ ಬೆನ್ನು ತಿರುಗಿಸ್ಕೊಂಡು ಶ್ರುತಿ ಮಾಡ್ತೀಯಲ್ಲ ತಾತ, ನಾನೇನು ಕಳ್ಳಿನಾ?" ಅಂದೆ ನೀನು ನಿನ್ನೆ. ಇನ್ನೂ ಕಿವಿಯಲ್ಲಿ ಕೊರೀತಿದೆ. ನಾನೂ ರೇಗಿ, "ಮೊದಲು ನಿನ್ನ ಹೆಬ್ಬೆರಳನ್ನ ಹದ್ದುಬಸ್ತಿನಲ್ಲಿಡು" ಅಂದುಬಿಟ್ಟೆ. ಅದಂತೂ ನಿಜ ಕಣೇ. ಮಿಕ್ಕ ಬೆರಳುಗಳು ಹಾಡು ಮೀಟೋಕೆ ಶುರು ಮಾಡಿದ ಕೂಡಲೇ ನಿನ್ನ ಹೆಬ್ಬೆರಳು ಅವುಗಳ ಹಿಂದೆ ಓಡುತ್ತೆ. ಅದು ದಪ್ಪ ತಂತಿಗಳನ್ನ ಬಿಟ್ಟು ಅಲ್ಲಾಡಬಾರದು. ಲಯ ಹಿಡಿಯೋದು ಅದರ ಕೆಲಸ.

ನಮ್ಮ ಮನೆಯ ಶ್ರುತಿ ಬೇರೆಯವರ ಕಿವಿಗೆ ಸಿಗಬಾರದು ಅಂತ ನಮ್ಮಪ್ಪ, ನುಡಿಸಿದ ಮೇಲೆ ಅದನ್ನ ಕೆಡಿಸದೆ ಗಿಟಾರ್ ಕೆಳಗಿಡ್ತಿರಲಿಲ್ಲ. ಇಷ್ಟು ವರ್ಷ ನಾನೂ ಅಷ್ಟೇ.

ಈಗ ಗಿಟಾರ್ ನನ್ನ ಮಂಚದ ಮೇಲಿದೆ. ಬಿರಡೆ ಮುಟ್ಟಬೇಡ. ಮೊದಲು ಒಂದೊಂದೇ ತಂತಿ ಮೀಟಿ, ಮನಸ್ಸಿಗೆ ಇಳಿಯೋ ತನಕ ಕೇಳು.

ಇವತ್ತು ಕೆಡಿಸಿಲ್ಲ.

ತಾತ