ಅರ್ಧ ಸುತ್ತಿನ ಅಂತರ

ಮಸ್ಕಿ
೯ ಅಕ್ಟೋಬರ್ ೧೯೯೩

ಪ್ರೀತಿಯ ಜೈನಾಬೀ,

ಹೈದರಾಬಾದಿನ ಲ್ಯಾಬಿನಲ್ಲಿ ನೀನೊಬ್ಬಳೇ ನನ್ನ ಯೀಸ್ಟ್ ನೋಡಿಕೊಳ್ಳುತ್ತಿರುವಾಗ ನಾನಿಲ್ಲಿ ನಿಶ್ಚಿತಾರ್ಥದ ಸೀರೆ ಉಟ್ಟು ಕೂತಿದ್ದೆ. ನಿನ್ನೆ ಸಿಂಧನೂರಿನ ಎಸ್‌ಟಿಡಿ ಬೂತಿನಿಂದ ಮಾತಾಡಿದಾಗ ಬಸ್ಸುಗಳ ಗದ್ದಲದಲ್ಲಿ ನಿನ್ನ ಮಾತು ಅರ್ಧವೇ ಕೇಳಿಸಿತು. ತಲೆ ಕೆಡಲು ಅಷ್ಟೇ ಸಾಕಾಯಿತು.

ಪ್ರೋಟೀನು ಹಿಡಿದುಕೊಳ್ಳುವ ಎರಡು ಜಾಗಗಳನ್ನು ಡಿಎನ್‌ಎ ಮೇಲೆ ಒಂದರಿಂದೊಂದು ದೂರ ಸರಿಸಿದಷ್ಟೂ ಜೀನ್ ಮಂಕಾಗಬೇಕು ಎನ್ನುತ್ತಿದ್ದರು ನಮ್ಮ ಗೈಡ್ ಸರ್. ಸ್ವಲ್ಪ ಸರಿಸಿದಾಗ ಹೆಚ್ಚುಕಡಿಮೆ ಸುಮ್ಮನಾಯಿತು, ಸರಿ. ಇನ್ನಷ್ಟು ಸರಿಸಿದರೆ ಮತ್ತೆ ಜೋರಾಗಿ ಕೆಲಸ ಮಾಡುವುದೇಕೆ? ನೀನು ಪ್ರಯೋಗವನ್ನು ಮತ್ತೆ ಮಾಡಿದರೂ ಹಾಗೇ ಬಂತು ಅಂದೆಯಲ್ಲ. ಡಿಎನ್‌ಎ ಹುರಿಗೊಂಡ ಹಗ್ಗದ ಹಾಗಲ್ಲವೇ? ಅರ್ಧ ಸುತ್ತು ಹೆಚ್ಚಾದರೆ ಎರಡು ಪ್ರೋಟೀನುಗಳು ಆಚೆಬದಿ ಈಚೆಬದಿಗೆ ಬೀಳುತ್ತವೆ, ಪೂರ್ತಿ ಸುತ್ತಾದರೆ ಮತ್ತೆ ಒಂದೇ ಬದಿಗೆ ಬರುತ್ತವೆ ಎಂದು ನನ್ನ ಊಹೆ. ಊಹೆ ತಪ್ಪಿದ್ದರೆ? ಸರ್ ಹೇಳಿದಂತೆ ನಾನೇ ಟ್ಯೂಬುಗಳನ್ನು ಅದಲುಬದಲು ಮಾಡಿದ್ದರೆ? ನೀನು ಬಳಸಿದ್ದೂ ನಾನು ಮಾಡಿಟ್ಟ ಯೀಸ್ಟ್ ತಳಿಗಳನ್ನೇ.

ಆ ಒಂದು ಫಲಿತಾಂಶ ಬಿಟ್ಟುಬಿಡು ಎನ್ನುತ್ತಾರೆ ಸರ್. ಬಿಟ್ಟರೆ ಥೀಸಿಸ್ ಮುಗಿಯಿತು, ಡಿಸೆಂಬರಿನಲ್ಲಿ ಮದುವೆ. ಬಿಡದಿದ್ದರೆ ತಳಿಗಳನ್ನು ಮೊದಲಿನಿಂದ ಕಟ್ಟಬೇಕು, ಇನ್ನೊಂದು ವರ್ಷ. ಅವ್ವನಿಗೆ ಹೇಳಿದೆ. ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, "ಬ್ರೆಡ್ಡು ಉಬ್ಬಿಸೋ ಹುಳದ ಸಲುವಾಗಿ ಲಗ್ನ ಮುಂದ ಹಾಕ್ತೀ ಏನ ಬೇ?" ಅಂದಳು. ನಗು ಬಂತು, ಆಮೇಲೆ ಅಳು.

ಇವತ್ತು ಲಿಂಗಸುಗೂರಿನಿಂದ ಕನಕರಾಯರು ಬಂದಿದ್ದರು. ನನ್ನನ್ನು ಮದುವೆಯಾಗುವವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ಇವರಿಗಾದರೂ ತಿಳಿದೀತು ಎಂದು ಅಂಗಳದಲ್ಲೇ ಹಗ್ಗ ಹಿಡಿದು ತೋರಿಸಿದೆ. ಖುಷಿಯಿಂದ ನೋಡಿದರು. ಕೊನೆಗೆ ತೀರಾ ಮೆತ್ತಗೆ, "ಒಂದು ನಂಬರ ಬಿಟ್ರ ಯಾರಿಗೆ ಗೊತ್ತಾಗ್ತದ್ರೀ?" ಎಂದರು. ಕೆಟ್ಟವರಲ್ಲ ಜೈನಾ. ನನಗೆ ಅನುಕೂಲವಾಗಲೆಂದೇ ಹೇಳಿದರು. ಆದರೂ ಅವರು ಹೋದಮೇಲೆ ಚಹಾದ ಲೋಟ ತೊಳೆಯುತ್ತ ನಿಂತೇ ಇದ್ದೆ. ಲೋಟ ಯಾವಾಗಲೋ ಸ್ವಚ್ಛವಾಗಿತ್ತು.

ತಳಿಗಳನ್ನು ಹೊಸದಾಗಿ ಕಟ್ಟುತ್ತೇನೆ. ಸರಿಯೋ ತಪ್ಪೋ ಗೊತ್ತಿಲ್ಲ. ಸೋಮವಾರ ಬಂದು ಸರ್‌ಗೆ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಯೀಸ್ಟ್ ಬೆಳೆದ ಪ್ಲೇಟುಗಳನ್ನು ಎಸೆಯಬೇಡ.

ನಿನ್ನ ಗೊಂದಲದ ಗೆಳತಿ,
ಆದಮ್ಮ

ತಾ.ಕ.: ಮದುವೆ ಮುಂದೆ ಹೋಗುವ ವಿಷಯ ಕನಕರಾಯರಿಗೆ ಇನ್ನೂ ತಿಳಿಸಿಲ್ಲ. ಅವರು ಕಾಯಲೊಲ್ಲೆ ಎಂದಾರೆಂದು ನಾನು ಹೆದರಿದ್ದೇನೆ ಅಂತ ಅವ್ವ ತಿಳಿದಿದ್ದಾಳೆ. ಕಾಯುತ್ತೇನೆ ಎಂದುಬಿಟ್ಟರೆ ಏನು ಹೇಳಲಿ, ನನಗೆ ತೋಚದಿರುವುದು ಅದು.