ಎರವಲು ಕುರ್ಚಿ

ಮಾರ್ಚ್ ೧೧, ಮಂಗಳವಾರ

ಆ ಕುರ್ಚಿ ಇನ್ನೂ ತಲೆಯಿಂದ ಹೋಗುತ್ತಿಲ್ಲ.

ಬಡವರ ಪಟ್ಟಿ ಮಾಡುವ ಸಮೀಕ್ಷೆಯಲ್ಲಿ ಇವತ್ತಿನ ಮೊದಲ ಮನೆ ಇಸ್ತ್ರಿ ಅಜ್ಜಿಯದು. ಇರುವುದೇ ಒಂದು ಕೋಣೆ. "ಬನ್ನಿ ಸಾರ್, ಕೂತ್ಕೊಳ್ಳಿ," ಎಂದು ಸೆರಗಿನಿಂದ ಕುರ್ಚಿ ಒರೆಸಿದರು, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ನಾನು ಹಾಯಾಗಿ ಕೂತು, ಮೊಬೈಲಿನಲ್ಲಿ 'ಕುರ್ಚಿ ಇದೆ, ಫ್ಯಾನ್ ಇದೆ' ಎಂದು ಒತ್ತಿ ಕಳಿಸಿಬಿಟ್ಟೆ. ನಿಮ್ಮದೇನಾ ಎಂದು ಕೇಳಲೂ ಇಲ್ಲ. ಎರಡೂ ಇದ್ದವರಿಗೆ ಸಹಾಯಧನವಿಲ್ಲ.

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದಳು. "ಬೇಜಾರ್ ಮಾಡ್ಕೋಬೇಡಿ ಸಾರ್. ಕುರ್ಚಿ, ಫ್ಯಾನು ಎರಡನ್ನೂ ಅಜ್ಜಿ ಇಸ್ಕೊಂಡ್ ಹೋಗಿದಾರೆ. ಯಾರೋ ದೊಡ್ಡೋರು ಬರ್ತಾರಂತೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಲ್ವಿಚಾರಕರಿಗೆ ಫೋನ್ ಮಾಡಿದೆ. "ಕಳಿಸಿದ್ದನ್ನ ತಿದ್ಬೇಕಂದ್ರೆ, ತಪ್ಪು ನಿಮ್ದು ಅಂತ ಬರ್ಕೊಡ್ಬೇಕಾಗತ್ತೆ ನೋಡಿ," ಎಂದರು.

"ಹಾಗಾದ್ರೆ ಇರ್ಲಿ ಬಿಡಿ ಸಾರ್," ಎಂದವನು ನಾನೇ. ಈ ಬಾಯಿಂದಲೇ.

ವಾಪಸ್ ಬರುವಾಗ ಅಜ್ಜಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಪಕ್ಕದ ಮನೆಗೆ ಹೊರಟಿದ್ದರು. ನನ್ನನ್ನು ಕಂಡದ್ದೇ ದಾರಿಯಲ್ಲೇ ಕೆಳಗಿಳಿಸಿ, ಮತ್ತೆ ಸೆರಗಿನಿಂದ ಒರೆಸಿದರು.

"ಸುಸ್ತಾಗಿದೀರಲ್ಲ ಸಾರ್, ಒಂದ್ ಗಳಿಗೆ ಕೂತ್ಕೊಳ್ಳಿ."